ನೌಕಾಪಡೆ ಮುಖ್ಯಸ್ಥರಾಗಿದ್ದವರು ಬಸ್ ನಿಗಮ ನಡೆಸಿ, ಆಮೇಲೆ ರಾಯಭಾರಿ ಆಗಿದ್ದು ಬಹುಮಾನವಾ, ಕೆಲಸವಾ?

ಮಾಟುಂಗಾ ಪೂರ್ವ
ಭಾನುವಾರ ಮಾಟುಂಗಾದಲ್ಲಿ ತಿಂಡಿ ಮುಗಿಸಿ ನಾಲ್ಕು ಜನ ಹರಟುತ್ತಿದ್ದೆವು. ನಿವೃತ್ತ ಸೇನಾ ಮುಖ್ಯಸ್ಥರನ್ನು ರಾಯಭಾರಿ, ರಾಜ್ಯಪಾಲ, ಕಂಪನಿ ಅಧ್ಯಕ್ಷ ಅಂತ ಕೂರಿಸುವುದು ಇತ್ತೀಚಿನ ಚಾಳಿ ಅಂತ ಒಬ್ಬರು ಹೇಳಿದರು. ಇತ್ತೀಚಿನದೇನಲ್ಲ, ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥ ರಾಮದಾಸ್ ಕಟಾರಿಯವರೇ ನಿವೃತ್ತಿಯ ನಂತರ ಆಂಧ್ರದ ಬಸ್ ನಿಗಮದ ಅಧ್ಯಕ್ಷರಾಗಿದ್ದರು, ಬರ್ಮಾಕ್ಕೆ ರಾಯಭಾರಿಯಾಗಿಯೂ ಹೋಗಿದ್ದರು ಅಂತ ನಾನಂದೆ. "ಹಡಗಿನವರು ಬಸ್ ಓಡಿಸಿದರಾ? ಸುಮ್ನೆ ಬಿಡ್ರೀ" ಅಂತ ನಕ್ಕುಬಿಟ್ಟರು.

ಇಲ್ಲಿ ನೇವಿ, ಡಾಕ್, ಶಿಪ್ಪಿಂಗ್‌ನಲ್ಲಿ ಇರುವವರು ಜಾಸ್ತಿ ಇದ್ದೀರಿ. ಕಟಾರಿಯವರ ಬಗ್ಗೆ ಗೊತ್ತಿರುವುದನ್ನು ಹೇಳಿ. ಅದರ ಜೊತೆಗೆ ಒಂದು ಪ್ರಶ್ನೆ. ಇಂಥ ನೇಮಕ ಸರಿನಾ? ಅನುಭವ ನೋಡಿ ಕೊಡುತ್ತಾರಾ, ಇಲ್ಲಾ ಮುಲಾಜಿಗೆ ಕೊಡುತ್ತಾರಾ?

ಡೊಂಬಿವಲಿ ಸ್ಲೋ ಲೋಕಲ್
ನಮ್ಮ ಲೋಕಲ್‌ಗೂ ಒಬ್ಬ ಅಡ್ಮಿರಲ್ ಕಳಿಸಿಕೊಡಿ. ಮಳೆಗಾಲದಲ್ಲಿ ಹಳಿ ಮುಳುಗಿದಾಗ ಅವರೇ ಬೇಕಾಗುತ್ತದೆ.

ಮಜಗಾಂವ್ ಮೂಲೆ
ನಿಮ್ಮ ಮಾತು ಸರಿ ಇದೆ. ಇನ್ನೊಂದು ವಿಷಯ ನಿಮ್ಮ ಸ್ನೇಹಿತರಿಗೆ ಹೇಳಿ, ಕಟಾರಿಯವರ ಕಥೆ ಶುರುವಾಗಿದ್ದೇ ಮುಂಬೈಯಲ್ಲಿ.

ಮಜಗಾಂವ್ ಬಂದರಿನ ಹತ್ತಿರ ಡಫರಿನ್ ಅಂತ ಒಂದು ತರಬೇತಿ ಹಡಗು ನಿಂತಿರುತ್ತಿತ್ತು. ಭಾರತೀಯ ಹುಡುಗರನ್ನು ವ್ಯಾಪಾರಿ ಹಡಗುಗಳ ಅಧಿಕಾರಿಗಳಾಗಿ ತಯಾರು ಮಾಡಲು 1927ರಲ್ಲಿ ಅದರಲ್ಲಿ ತರಬೇತಿ ಶುರು ಮಾಡಿದರು. ಅದರ ಮೊದಲ ತಂಡದಲ್ಲೇ ಕಟಾರಿ ಇದ್ದರು. ಚೆಂಗಲ್‌ಪಟ್ಟಿನಲ್ಲಿ ಹುಟ್ಟಿದ ಹುಡುಗ. ಅಂದರೆ ಆತ ಕಲಿತಿದ್ದು ಸರಕು ಹಡಗಿನ ವಿದ್ಯೆ, ಯುದ್ಧದ್ದಲ್ಲ. ಆಮೇಲೆ ಕಲ್ಕತ್ತಾದಲ್ಲಿ ಹೂಗ್ಲಿ ನದಿಯ ಸರ್ವೆ ಕೆಲಸ. ಹೂಗ್ಲಿಯಲ್ಲಿ ಮರಳು ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ಆಳ ಅಳೆಯದೆ ಹಡಗು ಬಿಡುವ ಹಾಗಿಲ್ಲ. 1939ರಲ್ಲಿ ಮಹಾಯುದ್ಧ ಶುರುವಾದಾಗ ನೌಕಾಪಡೆಯ ಮೀಸಲು ದಳ ಸೇರಿದರು. 1958ರ ಏಪ್ರಿಲ್ 22ಕ್ಕೆ ಮುಖ್ಯಸ್ಥ. ಆಗ ವಯಸ್ಸು 46. ಇಳಿದಿದ್ದು 1962ರ ಜೂನ್‌ನಲ್ಲಿ.

ಬಂದರು ಇಲಾಖೆಯ ನೌಕರನೊಬ್ಬ ನೌಕಾಪಡೆಯ ತುದಿಗೆ ಹೋಗಿದ್ದೇ ದೊಡ್ಡದು. ಅಂಥವರು ಬಸ್ ನಿಗಮಕ್ಕೆ ಹೋದರೆ ನನಗೇನೂ ಆಶ್ಚರ್ಯ ಇಲ್ಲ.

ಠಾಣೆ ತಿಮ್ಮ
1958? ಅಷ್ಟು ತಡ ಯಾಕೆ? ಕಾರ್ಯಪ್ಪನವರು 1949ರಲ್ಲೇ ಭೂಸೇನೆಯ ಮುಖ್ಯಸ್ಥರಾಗಿದ್ದರಲ್ಲ?

ಮಜಗಾಂವ್ ಮೂಲೆ
@ಠಾಣೆ ತಿಮ್ಮ, ಹೌದು. ವಾಯುಪಡೆಗೆ 1954ರಲ್ಲಿ ಸುಬ್ರತೋ ಮುಖರ್ಜಿ ಬಂದರು. ನೌಕಾಪಡೆಯಲ್ಲಿ ಮಾತ್ರ 1958ರವರೆಗೂ ಬ್ರಿಟಿಷರೇ. ಕೊನೆಯವರು ಕಾರ್ಲಿಲ್. ಭಾರತೀಯರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳುವುದನ್ನೇ ಅಲ್ಲಿ ತಡವಾಗಿ ಶುರು ಮಾಡಿದ್ದರು. ಅಷ್ಟು ಹಿರಿತನ ಇದ್ದವರು ಯಾರೂ ಇರಲಿಲ್ಲ. ಹಾಗಾಗಿ ಕಟಾರಿ ಕಾಲದಲ್ಲಿ ಬಹಳಷ್ಟು "ಮೊದಲು"ಗಳು ಒಟ್ಟಿಗೆ ಬಂದವು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್ ನಮ್ಮ ನೌಕಾಪಡೆಗೆ ಸೇರಿತು, ವಿಜಯಲಕ್ಷ್ಮಿ ಪಂಡಿತ್ ಕೈಯಿಂದ. ಆಗ ಅವರು ಬ್ರಿಟನ್‌ನಲ್ಲಿ ನಮ್ಮ ಹೈಕಮಿಷನರ್, ಅಂದರೆ ರಾಯಭಾರಿ. ಅದೇ ವರ್ಷ ನವೆಂಬರ್‌ನಲ್ಲಿ ಹಡಗು ಮುಂಬೈಗೆ ಬಂತು, ಡಿಸೆಂಬರ್‌ನಲ್ಲಿ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಿದ ಕಾರ್ಯಾಚರಣೆ.

ಬಸ್ ಪಾಸ್
ಬಸ್ ವಿಷಯಕ್ಕೆ ಬರೋಣ. ಹೈದರಾಬಾದಿನ ನಿಜಾಮರ ರೈಲ್ವೆಯವರು 1932ರಲ್ಲಿ 27 ಬಸ್ ಇಟ್ಟುಕೊಂಡು ಶುರು ಮಾಡಿದ ಸೇವೆ ಅದು. 1958ರ ಜನವರಿಯಲ್ಲಿ ಆಂಧ್ರಪ್ರದೇಶ ರಸ್ತೆ ಸಾರಿಗೆ ನಿಗಮ ಆಯಿತು. ಅಂದರೆ ಕಟಾರಿ ಹೋದಾಗ ನಿಗಮ ಇನ್ನೂ ಎಳೆಯದು.

ನಾನು ನಮ್ಮೂರ ಡಿಪೋದಲ್ಲಿ ಕೆಲಸ ಮಾಡಿದವನು. ಬಸ್ ನಿಗಮ ಅಂದರೆ ಜನರಿಗೆ ಡ್ರೈವರ್, ಕಂಡಕ್ಟರ್ ಮಾತ್ರ ಕಾಣುತ್ತಾರೆ. ನಿಜವಾದ ತಲೆನೋವು ಒಳಗೆ. ಡ್ಯೂಟಿ ಚಾರ್ಟ್, ವರ್ಕ್‌ಶಾಪ್, ಟೈರು, ಡೀಸೆಲ್ ಲೆಕ್ಕ, ಬಿಡಿಭಾಗದ ಸ್ಟೋರು, ಯಾವ ಗಾಡಿ ಯಾವಾಗ ರಿಪೇರಿಗೆ ನಿಲ್ಲಬೇಕು ಅನ್ನುವುದು. ಹಡಗಿನವರು ದಿನಾ ಮಾಡುವುದೂ ಇದನ್ನೇ ಅಲ್ವಾ? ಐಎಎಸ್‌ನವರು ಬಂದು ಎರಡು ವರ್ಷದಲ್ಲಿ ತೋಟಗಾರಿಕೆ ಇಲಾಖೆಗೆ ಹೋಗುವುದಕ್ಕಿಂತ ಇದು ಮೇಲು.

ಚೆಂಬೂರಿನ ಚಿಕ್ಕಪ್ಪ
> ಹಡಗಿನವರು ದಿನಾ ಮಾಡುವುದೂ ಇದನ್ನೇ ಅಲ್ವಾ?

ಅಲ್ಲ ಮಾರಾಯ್ರೆ. ಹಡಗಿನಲ್ಲಿ ಯೂನಿಯನ್ ಇಲ್ಲ. ಆರ್ಡರ್ ಕೊಟ್ಟರೆ ಮುಗಿಯಿತು. ಬಸ್ ನಿಗಮದಲ್ಲಿ ಆರ್ಡರ್ ಕೊಟ್ಟ ಮರುದಿನ ಗೇಟಿನ ಮುಂದೆ ಕೆಂಪು ಬಾವುಟ. ಟಿಕೆಟ್ ದರ ಏರಿಸಬೇಕಾದರೆ ಮಂತ್ರಿಯನ್ನು ಕೇಳಬೇಕು. ಎಂಎಲ್‌ಎ ಬಂದು ನಮ್ಮೂರಿಗೆ ಬಸ್ ಬಿಡಿ ಅಂತ ಕೂತುಕೊಳ್ಳುತ್ತಾನೆ. ಅಧಿಕಾರ ನಡೆಸಿದ ಅನುಭವವೇ ಬೇರೆ, ಜನರನ್ನು ಒಪ್ಪಿಸುವ ಅನುಭವವೇ ಬೇರೆ.

ಬಸ್ ಪಾಸ್
ಚಿಕ್ಕಪ್ಪ, ಆ ಎಂಎಲ್‌ಎ ವಿಷಯ ಮಾತ್ರ ನೂರಕ್ಕೆ ನೂರು ನಿಜ.

ಪುಣೆ ಕ್ಯಾಂಪ್
ಸೇನೆಯಿಂದ ನಿವೃತ್ತನಾಗಿ ಪುಣೆಯಲ್ಲೇ ಉಳಿದವನು ನಾನು. ಈ ಪದ್ಧತಿ ಶುರುವಾಗಿದ್ದೇ ನಮ್ಮ ಕೊಡಗಿನವರಿಂದ. ಕಾರ್ಯಪ್ಪನವರು 1953ರ ಜನವರಿಯಲ್ಲಿ ನಿವೃತ್ತರಾದರು. ಆಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ 1956ರವರೆಗೆ ಇದ್ದರು. ತಿಮ್ಮಯ್ಯನವರು ಸೈಪ್ರಸ್‌ಗೆ ರಾಯಭಾರಿಯಾಗಿ ಹೋದರು. ಥಾಪರ್ ಅಫ್ಘಾನಿಸ್ತಾನಕ್ಕೆ. ವಾಯುಪಡೆಯ ಅರ್ಜನ್ ಸಿಂಗ್ ಸ್ವಿಟ್ಜರ್‌ಲೆಂಡ್, ಆಮೇಲೆ ಕೀನ್ಯಾ. ಆದ್ದರಿಂದ ಕಟಾರಿಯವರದು ವಿಶೇಷ ಪ್ರಕರಣ ಅಲ್ಲವೇ ಅಲ್ಲ.

ಕೊಡವ ಕೊಥ್ರುಡ್
ಸಾರ್, ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ರಾಯಭಾರಿ ಆಗಿರಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿದ್ದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಅದಕ್ಕೂ ಮೊದಲು ಕೊರಿಯಾದಲ್ಲಿ ಯುದ್ಧ ಕೈದಿಗಳನ್ನು ವಾಪಸ್ ಕಳಿಸುವ ಆಯೋಗ ನಡೆಸಿದ್ದರು. ಅದು ಸೈನಿಕನ ಕೆಲಸವೂ ಹೌದು, ರಾಜತಾಂತ್ರಿಕನ ಕೆಲಸವೂ ಹೌದು. ಊರಿನ ಹೆಸರು ಬಂದಾಗ ಸ್ವಲ್ಪ ಜೋಪಾನವಾಗಿ ಬರೆಯಿರಿ, ನಮ್ಮವರು ಕೋವಿ ಇಟ್ಟುಕೊಂಡಿರುತ್ತಾರೆ 😀

ಪುಣೆ ಕ್ಯಾಂಪ್
ಸರಿ ಸರಿ. ಕೋವಿ ಗೋಡೆಗೇ ಇರಲಿ.

ಚೆಂಬೂರಿನ ಚಿಕ್ಕಪ್ಪ
ಥಾಪರ್ ಹೆಸರು ಬಂದಿದ್ದು ಒಳ್ಳೆಯದಾಯಿತು. 1962ರ ಚೀನಾ ಯುದ್ಧದಲ್ಲಿ ಸೋತಾಗ ಭೂಸೇನೆಯ ಮುಖ್ಯಸ್ಥರು ಅವರೇ. ಹುದ್ದೆ ಬಿಟ್ಟರು. 1964ರಲ್ಲಿ ಕಾಬೂಲ್‌ಗೆ ರಾಯಭಾರಿ! ಇದನ್ನು ಅನುಭವಕ್ಕೆ ಸಿಕ್ಕ ಗೌರವ ಅನ್ನಲು ಬರುತ್ತದಾ? ದೆಹಲಿಯಿಂದ ದೂರ ಇಡಲು ಸಭ್ಯವಾದ ದಾರಿ ಅಷ್ಟೇ. ಕಾರ್ಯಪ್ಪನವರನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಕಳಿಸಿದ್ದೂ ಅದೇ ಲೆಕ್ಕ ಅಂತ ನನ್ನ ಗುಮಾನಿ. ಜನಪ್ರಿಯ ಸೇನಾನಿ ರಾಜಧಾನಿಯಲ್ಲಿ ಕೂತರೆ ರಾಜಕಾರಣಿಗಳಿಗೆ ನಿದ್ದೆ ಬರುವುದಿಲ್ಲ. ಅಕ್ಕಪಕ್ಕದ ದೇಶಗಳಲ್ಲಿ ಸೇನಾಧಿಕಾರಿಗಳು ಗದ್ದುಗೆ ಹತ್ತುತ್ತಿದ್ದ ಕಾಲ ಅದು. 1958ರಲ್ಲಿ ಪಾಕಿಸ್ತಾನ, 1962ರಲ್ಲಿ ಬರ್ಮಾ.

ಮುಲುಂಡ್ ಅಕ್ಕ
ಚಿಕ್ಕಪ್ಪ ಬರ್ಮಾ ಅಂದರಲ್ಲ, ಅಲ್ಲೇ ನಿಮ್ಮ ವಾದ ಎಡವುತ್ತದೆ ನೋಡಿ.

1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡರು. ಆಮೇಲೆ ಬ್ಯಾಂಕು, ಅಂಗಡಿ, ವ್ಯಾಪಾರ ಎಲ್ಲ ರಾಷ್ಟ್ರೀಕರಣ. ಪೆಟ್ಟು ಬಿದ್ದಿದ್ದು ತಲೆಮಾರುಗಳಿಂದ ಅಲ್ಲಿದ್ದ ಭಾರತೀಯರಿಗೆ. ಸುಮಾರು ಮೂರು ಲಕ್ಷ ಜನ ದೇಶ ಬಿಟ್ಟು ಬಂದರು. ಆಸ್ತಿ, ಒಡವೆ ತರಲು ಬಿಡಲಿಲ್ಲ. ಅಂಥ ಹೊತ್ತಿನಲ್ಲಿ, 1964ರಲ್ಲಿ, ಕಟಾರಿ ರಂಗೂನ್‌ಗೆ ಹೋಗಿದ್ದು. ಐದು ವರ್ಷ ಇದ್ದರು. ಮೂಲೆಗುಂಪು ಮಾಡಬೇಕು ಅಂತಿದ್ದರೆ ಅಷ್ಟು ಬಿಸಿ ಇರುವ ಜಾಗಕ್ಕೆ ಯಾರಾದರೂ ಕಳಿಸುತ್ತಾರಾ? ಎದುರಿಗೆ ಕೂತಿರುವವನು ಜನರಲ್. ಅವನ ಮುಂದೆ ಮಾತಾಡಲು ಸಮವಸ್ತ್ರ ಹಾಕಿ ಬಂದವರೇ ಸರಿ ಅಂತ ದೆಹಲಿಯಲ್ಲಿ ಯಾರಾದರೂ ಯೋಚಿಸಿದ್ದರೆ ಅದರಲ್ಲಿ ಅರ್ಥ ಇದೆ.

ಅವರು ಇದ್ದಾಗಲೇ, 1967ರ ಮಾರ್ಚ್ 10ರಂದು ರಂಗೂನ್‌ನಲ್ಲಿ ಭಾರತ–ಬರ್ಮಾ ಗಡಿ ಒಪ್ಪಂದಕ್ಕೆ ಸಹಿ ಬಿತ್ತು. ಅದೊಂದು ಇವರೊಬ್ಬರ ಸಾಧನೆ ಅಂತ ನಾನು ಹೇಳುವುದಿಲ್ಲ. ಆದರೆ ಸುಮ್ಮನೆ ಪಾರ್ಟಿಗೆ ಹೋಗಿ ಬರುವ ಹುದ್ದೆ ಅದಾಗಿರಲಿಲ್ಲ.

ಚೆಂಬೂರಿನ ಚಿಕ್ಕಪ್ಪ
ಒಂದು ಕಡೆ ಸರಿ ಇದ್ದರೆ ಎಲ್ಲ ಕಡೆ ಸರಿ ಅಂತಲ್ಲ ಅಕ್ಕ. ಕಾಬೂಲ್ ಬಗ್ಗೆ ಏನೂ ಹೇಳಲಿಲ್ಲ ನೀವು.

ಮುಲುಂಡ್ ಅಕ್ಕ
ಕಾಬೂಲ್ ನಿಮಗೇ ಇರಲಿ.

ವಾಸ್ಕೊ ಬೋಗ್ದಾ
ಗೋವಾದಿಂದ ಒಂದು ಮಾತು. ಬರ್ಮಾ, ಬಸ್ಸು ಎಲ್ಲ ಆಮೇಲೆ. ಕಟಾರಿಯವರನ್ನು ನಾವು ನೆನೆಯಬೇಕಾಗಿದ್ದು 1961ಕ್ಕೆ.

ಆ ನವೆಂಬರ್‌ನಲ್ಲಿ ಕರಾವಳಿಯ ಪ್ರಯಾಣಿಕರ ಹಡಗು ಸಾಬರಮತಿಯ ಮೇಲೆ ಅಂಜುದೀವ್ ದ್ವೀಪದಿಂದ ಪೋರ್ಚುಗೀಸರು ಗುಂಡು ಹಾರಿಸಿದರು. ಕೆಲವೇ ದಿನದಲ್ಲಿ ಮೀನುಗಾರರ ಮೇಲೂ ಹಾರಿಸಿದರು, ಒಬ್ಬರು ಸತ್ತರು. ದ್ವೀಪ ಲೆಕ್ಕಕ್ಕೆ ಗೋವಾದ್ದು, ಇರುವುದು ಕಾರವಾರದ ಎದುರಿಗೆ. ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಅಲ್ಲಿಗೆ ನಾವಿಕರನ್ನು ಇಳಿಸಿದವು. ನಮ್ಮ ಏಳು ಜನ ಸತ್ತರು. ಅದೇ ದಿನ ಮುರ್ಮಗಾಂವ್‌ನಲ್ಲಿ ಬೇತ್ವಾ, ಬಿಯಾಸ್ ಹಡಗುಗಳಿಗೂ ಪೋರ್ಚುಗೀಸರ ಅಫೋನ್ಸೊ ಡಿ ಅಲ್ಬುಕರ್ಕ್ ಹಡಗಿಗೂ ಗುಂಡಿನ ಕಾಳಗ. ಅದು ಪೆಟ್ಟು ತಿಂದು ಬಾಂಬೋಳಿ ಕಡೆ ದಡಕ್ಕೆ ಹತ್ತಿತು.

ನಮ್ಮಲ್ಲಿ ಗೋವಾ ಅಂದರೆ ಭೂಸೇನೆ ನಡೆದುಕೊಂಡು ಬಂತು, ಮುಗಿಯಿತು ಅಂತ ಮಾತಾಡುತ್ತಾರೆ. ಆ ಏಳು ಹುಡುಗರ ವಿಷಯ ಯಾರೂ ಎತ್ತುವುದಿಲ್ಲ.

ಮೈಸೂರು ಸ್ಯಾಂಡಲ್ ಮೀರಾರೋಡ್
ಐಎನ್‌ಎಸ್ ಮೈಸೂರಿನ ಲಾಂಛನ ಗಂಡಭೇರುಂಡ! ಆಗಿನ ಹಡಗಿಗೂ ಅದೇ, ಆ ಹೆಸರಿನ ಈಗಿನ ಹಡಗಿಗೂ ಅದೇ. ಈಗಿನದು ಕಟ್ಟಿದ್ದು ಮಜಗಾಂವ್ ಡಾಕ್‌ನಲ್ಲಿ, 1999ರಲ್ಲಿ ನೌಕಾಪಡೆಗೆ ಸೇರಿತು.

ಲಾಟರಿ ಲಕ್ಷ್ಮಣ
ಮಜಗಾಂವ್ ಡಾಕ್ ಅಂದಾಕ್ಷಣ ಹೊಟ್ಟೆ ಉರಿಯುತ್ತದೆ. 2020ರಲ್ಲಿ 145 ರೂಪಾಯಿಗೆ ಷೇರು ಬಂದಾಗ ಅರ್ಜಿ ಹಾಕಿದ್ದೆ. ಅಲಾಟ್ ಆಗಲಿಲ್ಲ. ಲಿಸ್ಟಿಂಗ್ ದಿನ ಕೊಳ್ಳೋಣ ಅಂದರೆ ಹೆಂಡತಿ ಬೇಡ ಅಂದಳು.

ಡೊಂಬಿವಲಿ ಸ್ಲೋ ಲೋಕಲ್
ಹೆಂಡತಿ ಮೇಲೆ ಹಾಕಬೇಡಿ ಲಕ್ಷ್ಮಣ ಅಣ್ಣ. ಅತ್ತಿಗೆ ಈ ಗುಂಪಿನಲ್ಲೇ ಇದ್ದಾರೆ.

ನಾರಿಮನ್ ಪಾಯಿಂಟ್ ಮಾಮ
ಡಾಕ್ ವಿಷಯ ಬಂದಿದ್ದಕ್ಕೆ ಇನ್ನೊಬ್ಬರನ್ನು ತರುತ್ತೇನೆ. ನಿಮ್ಮ ಪ್ರಶ್ನೆಗೆ ಕಟಾರಿಗಿಂತ ಒಳ್ಳೆಯ ಉದಾಹರಣೆ ಅಡ್ಮಿರಲ್ ನಂದಾ.

ಎಸ್. ಎಂ. ನಂದಾ 1970ರಿಂದ 1973ರವರೆಗೆ ಮುಖ್ಯಸ್ಥರು. 1971ರ ಡಿಸೆಂಬರ್‌ನಲ್ಲಿ ಕ್ಷಿಪಣಿ ದೋಣಿಗಳನ್ನು ಕರಾಚಿ ಕಡೆಗೆ ಎಳೆದುಕೊಂಡು ಹೋಗಿ ಹೊಡೆದಿದ್ದು ಅವರ ಕಾಲದಲ್ಲೇ. ಆ ದೋಣಿಗಳು ಬಂದರು ಕಾಯಲು ಮಾಡಿದಂಥವು, ಅಷ್ಟು ದೂರ ಹೋಗುವಂಥವಲ್ಲ. ಕರಾಚಿ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ, ಬೆಳೆದಿದ್ದೇ ಅಲ್ಲಿನ ಮನೋರಾ ದ್ವೀಪದಲ್ಲಿ. ಇದೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಭಾಗ ಅದರ ಹಿಂದೆ, ಮುಂದೆ ಇದೆ.

ಹಿಂದೆ ಅಂದರೆ, 1960ರ ದಶಕದ ಶುರುವಿನಲ್ಲಿ ಅವರು ಮಜಗಾಂವ್ ಡಾಕ್‌ನ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದರು. ಸರ್ಕಾರ ಆ ಡಾಕ್ ಅನ್ನು ಖಾಸಗಿಯವರಿಂದ ಕೊಂಡಿದ್ದೇ 1960ರಲ್ಲಿ. ಹಡಗು ರಿಪೇರಿ ಮಾಡುತ್ತಿದ್ದ ಜಾಗದಲ್ಲಿ ಯುದ್ಧನೌಕೆ ಕಟ್ಟಬೇಕು ಅಂತ ಹೊರಟರು. ಅಲ್ಲಿಂದ ಬಂದಿದ್ದೇ ನೀಲಗಿರಿ. 1968ರಲ್ಲಿ ನೀರಿಗಿಳಿದು 1972ರ ಜೂನ್‌ನಲ್ಲಿ ನೌಕಾಪಡೆಗೆ ಸೇರಿತು. ಆಗ ಮುಖ್ಯಸ್ಥರು ಯಾರು? ಅದೇ ನಂದಾ.

ಮುಂದೆ ಅಂದರೆ, ನಿವೃತ್ತಿಯ ನಂತರ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಅಧ್ಯಕ್ಷ. ಅವರಿಗಿಂತ ಮೊದಲು ಆ ಸಂಸ್ಥೆ ಬೆಳೆಸಿದವರು ಸಿ. ಪಿ. ಶ್ರೀವಾಸ್ತವ, ಐಎಎಸ್. 1973 ನೆನಪಿದೆ ತಾನೇ? ತೈಲ ಬೆಲೆ ನಾಲ್ಕು ಪಟ್ಟು ಆದ ಕಾಲ. ಜೊತೆಗೆ ಸಾಲದಲ್ಲಿ ಮುಳುಗಿದ್ದ ಜಯಂತಿ ಶಿಪ್ಪಿಂಗ್ ಕೂಡ ಅದೇ ವರ್ಷ ಇದರೊಳಗೆ ವಿಲೀನ. ಅಂಥ ಹೊತ್ತಿನ ಕುರ್ಚಿಯನ್ನು ಆರಾಮ ಕುರ್ಚಿ ಅನ್ನಬೇಡಿ. ನಂದಾ ಕೂತಿದ್ದು ಹೆಸರಿನ ಬಲದಿಂದ ಮಾತ್ರ ಅಲ್ಲ, ಡಾಕ್ ನಡೆಸಿದ ಅನುಭವ ಇತ್ತು.

ಪುಣೆ ಕ್ಯಾಂಪ್
ವಾಯುಪಡೆಯ ಪಿ. ಸಿ. ಲಾಲ್ ಅವರದೂ ಹೀಗೇ. ಮುಖ್ಯಸ್ಥರಾಗುವ ಮೊದಲೇ ಬೆಂಗಳೂರಿನ ಎಚ್‌ಎಎಲ್ ನಡೆಸಿದ್ದರು. ಆಮೇಲೆ ಇಂಡಿಯನ್ ಏರ್‌ಲೈನ್ಸ್ ಅಧ್ಯಕ್ಷ.

ಪನ್ವೇಲ್ ಪಾಪದವ
ಹಳೆಯ ದೊಡ್ಡವರ ಕಥೆ ಚೆನ್ನಾಗಿದೆ. ನನ್ನ ಕಥೆ ಕೇಳಿ. ನಾನಿದ್ದ ಕಂಪನಿ ನೌಕಾಪಡೆಗೆ ಸಾಮಾನು ಪೂರೈಸುತ್ತಿತ್ತು. ಹೆಸರು ಬೇಡ. ನಿವೃತ್ತ ಹಿರಿಯ ಅಧಿಕಾರಿಯೊಬ್ಬರನ್ನು ಸಲಹೆಗಾರ ಅಂತ ತಂದರು. ದೊಡ್ಡ ಕ್ಯಾಬಿನ್, ಕಾರು. ಕಾರ್ಖಾನೆ ಒಳಗೆ ಕಾಲಿಟ್ಟಿದ್ದು ನಾನು ನೋಡಲಿಲ್ಲ. ಅವರ ಕೆಲಸ ಫೋನ್ ಮಾಡುವುದು. ಹಳೆಯ ಜೂನಿಯರ್‌ಗಳಿಗೆ ಫೋನ್. "ನಮ್ಮ ಫೈಲ್ ಎಲ್ಲಿಗೆ ಬಂತು?" ನಾವು ಇಂಜಿನಿಯರ್‌ಗಳು ರಾತ್ರಿ ಕೂತು ಟೆಂಡರ್ ಉತ್ತರ ಬರೆಯುತ್ತಿದ್ದೆವು. ಬೋನಸ್ ಯಾರಿಗೆ ಅಂತ ಹೇಳಬೇಕಾ?

ನಂದಾ ಹೋಗಿದ್ದು ಸರ್ಕಾರಿ ಸಂಸ್ಥೆಗೆ. ಕಟಾರಿ ಹೋಗಿದ್ದೂ ಸರ್ಕಾರಿ ಸಂಸ್ಥೆಗೆ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ನಾರಿಮನ್ ಪಾಯಿಂಟ್ ಮಾಮ
ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು ಅಂತ ನಿಯಮ ಇದೆ. ಮೊದಲು ಎರಡು ವರ್ಷ ಇತ್ತು.

ಪನ್ವೇಲ್ ಪಾಪದವ
ಒಂದು ವರ್ಷದಲ್ಲಿ ಜೂನಿಯರ್‌ಗಳು ಫೋನ್ ನಂಬರ್ ಬದಲಾಯಿಸುತ್ತಾರಾ ಮಾಮ?

ಕಾರವಾರ ಟು ಮಡಗಾಂವ್
ರಾಯಭಾರಿಗಳ ಪಟ್ಟಿಗೆ ಇನ್ನೊಂದು ಹೆಸರು, ಅಡ್ಮಿರಲ್ ಡಾಸನ್. 1982ರಿಂದ 1984ರವರೆಗೆ ಮುಖ್ಯಸ್ಥರು. ಆಮೇಲೆ ನ್ಯೂಜಿಲೆಂಡಿಗೆ ಹೈಕಮಿಷನರ್. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದ್ದರು, 2011ರಲ್ಲಿ ತೀರಿಕೊಂಡರು. ನಮ್ಮೂರಿನವರು ಅವರನ್ನು ಮರೆಯುವ ಹಾಗಿಲ್ಲ. ಸೀಬರ್ಡ್, ಅಂದರೆ ಕಾರವಾರದ ನೌಕಾನೆಲೆ ಯೋಜನೆಯ ಮೂಲ ಕಲ್ಪನೆ ಅವರದೇ. ಮುಂಬೈ ಬಂದರಿನಲ್ಲಿ ಯುದ್ಧನೌಕೆ, ಸರಕು ಹಡಗು ಎಲ್ಲ ಒತ್ತೊತ್ತಾಗಿ ನಿಲ್ಲುತ್ತಿದ್ದವು. ಅದಕ್ಕೆ ಕಾರವಾರ ಅಂದರು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, ಅಲ್ಲಿನ ನೌಕಾನೆಲೆ ಐಎನ್‌ಎಸ್ ಕದಂಬ ಶುರುವಾಗಿದ್ದು 2005ರಲ್ಲಿ.

ನಡುವೆ ಏನಾಯಿತು ಅಂತ ಮುಂಬೈಯವರಿಗೆ ಗೊತ್ತಿಲ್ಲ. ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬ ಮನೆ, ಗದ್ದೆ, ಕಡಲ ದಂಡೆ ಬಿಟ್ಟು ಎದ್ದರು. ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದರು. ನಮ್ಮ ಅಜ್ಜಿ ಮನೆಯೂ ಹೋಯಿತು. ಈಗ ವಾಸ್ಕೊದವರು ಹೇಳಿದ ಅಂಜುದೀವ್‌ಗೂ ಅಲೆತಡೆ ಗೋಡೆ ಕಟ್ಟಿ ನೆಲಕ್ಕೆ ಸೇರಿಸಿಬಿಟ್ಟಿದ್ದಾರೆ. ಅಲ್ಲಿಗೆ ಜಾತ್ರೆಗೆ ಹೋಗುತ್ತಿದ್ದವರಿಗೆ ಈಗ ಪ್ರವೇಶ ಇಲ್ಲ. ಬಂದರು ಬೇಡ ಅಂತ ನಾನು ಹೇಳುತ್ತಿಲ್ಲ. ಅಡ್ಮಿರಲ್‌ಗಳಿಗೆ ನಿವೃತ್ತಿಯ ನಂತರ ಏನು ಸಿಕ್ಕಿತು ಅಂತ ಇಷ್ಟು ಚರ್ಚೆ ಮಾಡುತ್ತೀರಲ್ಲ, ಅವರ ಯೋಜನೆಗೆ ಎದ್ದು ಹೋದವರಿಗೆ ಏನು ಸಿಕ್ಕಿತು ಅಂತಲೂ ಒಂದು ಸಾಲು ಬರೆಯಿರಿ.

ವಾಸ್ಕೊ ಬೋಗ್ದಾ
ಸರಿಯಾಗಿ ಹೇಳಿದಿರಿ ಅಣ್ಣ. ಇದಕ್ಕೇ ಬೇರೆ ಎಳೆ ಶುರು ಮಾಡಿ, ನಾನೂ ಬರೆಯುತ್ತೇನೆ.

ಠಾಣೆ ತಿಮ್ಮ
ಒಂದು ಗಮನಿಸಿದಿರಾ? ಕಾರ್ಯಪ್ಪ ನ್ಯೂಜಿಲೆಂಡ್. ಡಾಸನ್ ನ್ಯೂಜಿಲೆಂಡ್. 2009ರಲ್ಲಿ ನಿವೃತ್ತರಾದ ಸುರೀಶ್ ಮೆಹ್ತಾ ಕೂಡ ನ್ಯೂಜಿಲೆಂಡ್! ನಿರ್ಮಲ್ ವರ್ಮಾ ಒಬ್ಬರು ಕೆನಡಾಕ್ಕೆ ಹೋದರು. ಅಡ್ಮಿರಲ್‌ಗಳಿಗೂ ಆ ದೇಶದ ಕೀವಿ ಹಕ್ಕಿಗೂ ಏನು ನಂಟು?

ಚೆಂಬೂರಿನ ಚಿಕ್ಕಪ್ಪ
ಜಗಳ ಇಲ್ಲದ ದೇಶ. ವಿದೇಶಾಂಗ ಸೇವೆಯವರು ವಾಷಿಂಗ್ಟನ್, ಲಂಡನ್, ಬೀಜಿಂಗ್ ಬಿಟ್ಟುಕೊಡುತ್ತಾರಾ? ಮೂವತ್ತು ವರ್ಷ ದುಡಿದು ಕಾಯುತ್ತಿರುತ್ತಾರೆ, ಅವರ ಕಡೆಯಿಂದಲೂ ನೋಡಿ. ನನ್ನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಮುಲುಂಡ್ ಅಕ್ಕ
ಹಾಗಾದರೆ ರಂಗೂನ್‌ನಲ್ಲಿ ಕೂತವರು ನಿಮ್ಮ ಪಟ್ಟಿಯಿಂದ ಹೊರಗೆ ಅಂತ ಒಪ್ಪಿದ ಹಾಗಾಯಿತು.

ಚೆಂಬೂರಿನ ಚಿಕ್ಕಪ್ಪ
ಕಟಾರಿಯವರ ಮಟ್ಟಿಗೆ ಬಿಟ್ಟೆ. ಉಳಿದವರ ಮಟ್ಟಿಗೆ ಇಲ್ಲ.

ಅಲಿಬಾಗ್ ಲಾಂಚ್
ಏನೂ ತೆಗೆದುಕೊಳ್ಳದವರೂ ಇದ್ದರು. ಅಡ್ಮಿರಲ್ ಎಲ್. ರಾಮದಾಸ್ (ಕಟಾರಿ ಅಲ್ಲ, ಬೇರೆಯವರು, ಇವರೂ ನೌಕಾಪಡೆ ಮುಖ್ಯಸ್ಥರಾಗಿದ್ದವರು) 1993ರಲ್ಲಿ ನಿವೃತ್ತರಾಗಿ ನಮ್ಮ ಅಲಿಬಾಗ್ ಹತ್ತಿರದ ಹಳ್ಳಿಯಲ್ಲಿ ಇದ್ದರು. ಕೃಷಿ ಮಾಡಿಕೊಂಡು, ಅಣ್ವಸ್ತ್ರ ಬೇಡ, ಪಾಕಿಸ್ತಾನದ ಜೊತೆ ಮಾತಾಡಿ ಅಂತ ಹೇಳಿಕೊಂಡು. 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಮಾತು ಒಪ್ಪದವರು ಬಹಳ ಜನ, ನಾನೂ ಎಲ್ಲ ಒಪ್ಪುವುದಿಲ್ಲ. ಆದರೆ ಯಾವ ಮಂತ್ರಿಯ ಮುಲಾಜೂ ಇಲ್ಲದೆ ಮಾತಾಡುತ್ತಿದ್ದರು.

ಲಾಟರಿ ಲಕ್ಷ್ಮಣ
ಅಲಿಬಾಗ್‌ಗೆ ಲಾಂಚ್ ಈಗ ಎಷ್ಟು ಗಂಟೆಗೆ? ಮಳೆಗಾಲದಲ್ಲಿ ಇರುತ್ತದಾ?

ಅಲಿಬಾಗ್ ಲಾಂಚ್
ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಲಾಂಚ್ ಮಳೆಗಾಲದಲ್ಲಿ ನಿಲ್ಲಿಸುತ್ತಾರೆ. ಭಾವುಚಾ ಧಕ್ಕಾದಿಂದ ರೋ-ರೋ (ಗಾಡಿಗಳನ್ನೂ ಹೊತ್ತೊಯ್ಯುವ ಹಡಗು) ಇದೆ, ಹವಾಮಾನ ಕೆಟ್ಟರೆ ಅದೂ ರದ್ದು. ಮೊದಲೇ ನೋಡಿಕೊಂಡು ಹೊರಡಿ.

ಅಡ್ಮಿನ್
ಲಾಂಚ್ ಟೈಮಿಂಗ್, ಷೇರು ಮಾರ್ಕೆಟ್‌ಗೆ ಬೇರೆ ಜಾಗ ಇದೆ. ಸೀಬರ್ಡ್ ಬಗ್ಗೆ ಬರೆಯುವವರು ಹೊಸ ಎಳೆ ಶುರು ಮಾಡಿ, ಅದಕ್ಕೆ ಅಷ್ಟು ವಿಷಯ ಇದೆ.

ಮಾಟುಂಗಾ ಪೂರ್ವ
ಎಲ್ಲರಿಗೂ ವಂದನೆ. ಕಟಾರಿಯವರು ಆತ್ಮಕಥೆ ಬರೆದಿದ್ದಾರಂತೆ, ಇಂಗ್ಲಿಷಿನಲ್ಲಿ. ಯಾರ ಹತ್ತಿರವಾದರೂ ಇದ್ದರೆ ಓದಿ ಕೊಡುತ್ತೇನೆ. ಬಸ್ ನಿಗಮದ ಬಗ್ಗೆ ಅದರಲ್ಲಿ ಎಷ್ಟು ಪುಟ ಇದೆ ಅಂತ ನೋಡಬೇಕು.

ಬಸ್ ಪಾಸ್
ಸಿಕ್ಕಿದರೆ ನನ್ನ ಸರದಿ ಎರಡನೆಯದು. ಯೂನಿಯನ್ ಬಗ್ಗೆ ಏನು ಬರೆದಿದ್ದಾರೆ ಅಂತ ಮೊದಲು ಹುಡುಕುತ್ತೇನೆ. ಚಿಕ್ಕಪ್ಪನಿಗೆ ಫೋಟೋ ತೆಗೆದು ಕಳಿಸಬೇಕು.